ದಶಮಾಂಶ, ಕಾಣಿಕೆ ಮತ್ತು ಕೊಡುವ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತ ಸಭೆಯಲ್ಲಿ ಹಣದ ಮಾತು ಬಂದ ಕೂಡಲೇ ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಎರಡಕ್ಕೂ ಕಾರಣ ಇದೆ. ಕೆಲವು ಸಭೆಗಳಲ್ಲಿ ಈ ಮಾತನ್ನೇ ಎತ್ತುವುದಿಲ್ಲ, ಇನ್ನು ಕೆಲವು ಕಡೆ ಬೇರೆ ಮಾತೇ ಇರುವುದಿಲ್ಲ. ಸತ್ಯವೇದಕ್ಕೆ (ಬೈಬಲ್‌ಗೆ) ಮಾತ್ರ ಹಣದ ಬಗ್ಗೆ ಮಾತಾಡಲು ಯಾವ ಸಂಕೋಚವೂ ಇಲ್ಲ. ಕೆಳಗಿನ ಉತ್ತರಗಳಲ್ಲಿ ವಚನ ಹೇಳುವುದು ಎಷ್ಟು, ನನ್ನ ಅಭಿಪ್ರಾಯ ಎಷ್ಟು ಎಂಬುದನ್ನು ಆದಷ್ಟು ಬಿಡಿಸಿ ಹೇಳಿದ್ದೇನೆ.

ದಶಮಾಂಶಕ್ಕೂ ಕಾಣಿಕೆಗೂ ಏನು ವ್ಯತ್ಯಾಸ?

ದಶಮಾಂಶ ಎಂದರೆ ಆದಾಯದಲ್ಲಿ ಹತ್ತನೇ ಒಂದು ಪಾಲು. ಕಾಣಿಕೆ ಎಂದರೆ ಅದರ ಆಚೆಗೆ, ಲೆಕ್ಕ ಹಾಕದೆ, ಮನಸ್ಸು ಬಂದಷ್ಟು ಕೊಡುವುದು.

ಈ ಪದ್ಧತಿ ಮೋಶೆಯ ಕಾಲದಲ್ಲಿ ಶುರುವಾಯಿತಾ?

ಅದಕ್ಕಿಂತ ಹಿಂದೆಯೇ ಇತ್ತು. ಆದಿಕಾಂಡ 14ರಲ್ಲಿ ಅಬ್ರಾಮನು ಸೆರೆ ಹೋಗಿದ್ದ ಲೋಟನನ್ನು ಯುದ್ಧ ಮಾಡಿ ಬಿಡಿಸಿಕೊಂಡು ಬರುತ್ತಾನೆ. ದಾರಿಯಲ್ಲಿ ಸಾಲೇಮಿನ ರಾಜನೂ ಯಾಜಕನೂ ಆಗಿದ್ದ ಮೆಲ್ಕೀಚೆದೆಕ ಅವನನ್ನು ಆಶೀರ್ವದಿಸುತ್ತಾನೆ. ಅಬ್ರಾಮನು ಅವನಿಗೆ ಹತ್ತರಲ್ಲಿ ಒಂದು ಪಾಲು ಕೊಡುತ್ತಾನೆ. ಕೊಡು ಎಂದು ಯಾರೂ ಕೇಳಿರಲಿಲ್ಲ. ಅದು ಯುದ್ಧದಲ್ಲಿ ಸಿಕ್ಕ ಕೊಳ್ಳೆಯಲ್ಲಿ ಕೊಟ್ಟ ಪಾಲು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಉಳಿದ ಕೊಳ್ಳೆಯಲ್ಲಿ ತನಗಾಗಿ ಒಂದು ದಾರವನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಅವನು ಸೊದೋಮಿನ ರಾಜನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟ. ದಶಮಾಂಶದ ಬೋಧನೆಯಲ್ಲಿ ಈ ಭಾಗವನ್ನು ಯಾಕೋ ಯಾರೂ ಜಾಸ್ತಿ ಓದುವುದಿಲ್ಲ!

ಮುಂದೆ ಯಾಕೋಬನು ಬೇತೇಲಿನಲ್ಲಿ ಹರಕೆ ಹೊರುತ್ತಾನೆ: ನನ್ನ ಸಂಗಡ ಇದ್ದು, ಕಾಪಾಡಿ, ಅನ್ನ ಬಟ್ಟೆ ಕೊಟ್ಟರೆ ನಾನು ಹತ್ತನೇ ಪಾಲು ಕೊಡುತ್ತೇನೆ. ಸ್ವಲ್ಪ ವ್ಯಾಪಾರದ ವಾಸನೆ ಇರುವ ಹರಕೆಯೇ ಅದು. ಆದರೂ ದೇವರು ಅವನ ಕೈ ಬಿಡಲಿಲ್ಲ.

ಇಸ್ರಾಯೇಲ್ಯರು ಕೊಡುತ್ತಿದ್ದುದು ಸರಿಯಾಗಿ ಹತ್ತು ಪರ್ಸೆಂಟಾ?

ಹಾಗೆ ಅಂದುಕೊಂಡಿರುವವರೇ ಜಾಸ್ತಿ. ಓದಿ ನೋಡಿದರೆ ಲೆಕ್ಕ ಅಷ್ಟು ಸಲೀಸಾಗಿಲ್ಲ.

ಅರಣ್ಯಕಾಂಡ 18ರ ಪ್ರಕಾರ ದಶಮಾಂಶ ಲೇವಿಯರಿಗೆ ಸೇರಬೇಕು. ಅವರಿಗೆ ಹೊಲದ ಪಾಲು ಕೊಟ್ಟಿರಲಿಲ್ಲ, ದೇವದರ್ಶನದ ಗುಡಾರದ ಸೇವೆಯೇ ಅವರ ಕೆಲಸ. ಆ ಲೇವಿಯರೂ ತಮಗೆ ಬಂದದ್ದರಲ್ಲಿ ಹತ್ತನೇ ಪಾಲನ್ನು ಯಾಜಕರಿಗೆ ಕೊಡಬೇಕಿತ್ತು. ಅಂದರೆ ಸೇವೆಯಲ್ಲಿದ್ದವರಿಗೂ ವಿನಾಯಿತಿ ಇರಲಿಲ್ಲ.

ಧರ್ಮೋಪದೇಶಕಾಂಡ 14ಕ್ಕೆ ಬಂದರೆ ಚಿತ್ರವೇ ಬೇರೆ. ಅಲ್ಲಿ ಮನೆಯವರೆಲ್ಲ ಬೆಳೆಯ ಹತ್ತನೇ ಪಾಲನ್ನು ದೇವರು ಆರಿಸಿದ ಸ್ಥಳಕ್ಕೆ ಕೊಂಡೊಯ್ದು, ದೇವರ ಸನ್ನಿಧಿಯಲ್ಲಿ ಕೂತು ತಾವೇ ಊಟ ಮಾಡಿ ಸಂತೋಷಪಡಬೇಕು. ದಾರಿ ದೂರವಾದರೆ ಮಾರಿ, ಹಣ ಕಟ್ಟಿಕೊಂಡು ಹೋಗಿ, ಅಲ್ಲಿ ಬೇಕಾದದ್ದು ಕೊಂಡುಕೊಳ್ಳಬಹುದು. ಮೂರು ವರ್ಷಕ್ಕೊಮ್ಮೆ ಮಾತ್ರ ಆ ಪಾಲು ಊರಲ್ಲೇ ಉಳಿಯಬೇಕು. ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಅದನ್ನು ತಿಂದು ತೃಪ್ತರಾಗಬೇಕು.

ಇವು ಒಂದೇ ದಶಮಾಂಶವೋ ಬೇರೆ ಬೇರೆಯೋ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ಯೆಹೂದ್ಯರ ಸಂಪ್ರದಾಯ ಬೇರೆ ಬೇರೆ ಎಂದೇ ಎಣಿಸುತ್ತದೆ. ಮೊದಲನೆಯದು ಪ್ರತಿ ವರ್ಷ ಲೇವಿಯರಿಗೆ. ಎರಡನೆಯದು ಏಳು ವರ್ಷದ ಸುತ್ತಿನಲ್ಲಿ 1, 2, 4, 5ನೇ ವರ್ಷಗಳಲ್ಲಿ ಹಬ್ಬದ ಊಟಕ್ಕೆ. 3 ಮತ್ತು 6ನೇ ವರ್ಷದಲ್ಲಿ ಅದು ಬಡವರಿಗೆ. ಏಳನೇ ವರ್ಷ ಭೂಮಿಗೆ ವಿಶ್ರಾಂತಿ, ಆಗ ಬಿತ್ತನೆಯೂ ಇಲ್ಲ, ದಶಮಾಂಶವೂ ಇಲ್ಲ. ಈ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತು ಪರ್ಸೆಂಟ್ ಆಗುತ್ತದೆ. ಇದಲ್ಲದೆ ಪ್ರಥಮಫಲ, ಬಲಿಗಳು, ಹೊಲದ ಅಂಚಿನಲ್ಲಿ ಬಡವರಿಗೆಂದು ಕೊಯ್ಯದೆ ಬಿಡಬೇಕಾದ ಪೈರು ಬೇರೆ.

ಇನ್ನೊಂದು ವಿಷಯ: ನಿಯಮದಲ್ಲಿ ಹೇಳಿರುವುದು ಹೊಲದ ಬೆಳೆ, ಮರದ ಹಣ್ಣು, ದನಕುರಿಗಳ ಬಗ್ಗೆ. ಕೋಲಿನ ಕೆಳಗೆ ಹಾದುಹೋಗುವ ಪ್ರತಿ ಹತ್ತನೇ ಪ್ರಾಣಿ ಕರ್ತನದು. ಅದು ಚೆನ್ನಾಗಿದೆಯೋ ಸೊರಗಿದೆಯೋ ಎಂದು ನೋಡಿ ಬದಲಾಯಿಸುವ ಹಾಗಿರಲಿಲ್ಲ (ಯಾಜಕಕಾಂಡ 27).

ಹಾಗಾದರೆ ಕ್ರೈಸ್ತರಿಗೆ ಇದು ಕಡ್ಡಾಯವಾ, ಇಲ್ಲವಾ?

ಇದರ ಬಗ್ಗೆ ಸಭೆಗಳಲ್ಲಿ ಒಂದೇ ಅಭಿಪ್ರಾಯ ಇಲ್ಲ. ಹಲವು ಸಭೆಗಳು ಹತ್ತನೇ ಪಾಲನ್ನು ಇಂದಿಗೂ ದೇವರ ಆಜ್ಞೆ ಎಂದೇ ಕಲಿಸುತ್ತವೆ. ಅಬ್ರಹಾಮನು (ಮೇಲೆ ಹೇಳಿದ ಅಬ್ರಾಮನೇ) ಮೋಶೆಯ ಧರ್ಮಶಾಸ್ತ್ರಕ್ಕೆ ಮೊದಲೇ ಕೊಟ್ಟ, ಹಾಗಾಗಿ ಧರ್ಮಶಾಸ್ತ್ರದ ಜೊತೆ ಅದು ಮುಗಿಯುವುದಿಲ್ಲ ಎಂಬುದು ಅವರ ವಾದ. ಕಥೋಲಿಕ ಸಭೆ ತನ್ನ ಜನರು ಸಭೆಯ ಅಗತ್ಯಗಳಿಗೆ ನೆರವಾಗಬೇಕು ಎನ್ನುತ್ತದೆ, ಆದರೆ ಪರ್ಸೆಂಟ್ ಹೇಳುವುದಿಲ್ಲ, ಅವರವರ ಶಕ್ತಿಗೆ ಬಿಡುತ್ತದೆ. ಇನ್ನೂ ಹಲವರು ಹತ್ತು ಎಂಬುದು ಹಳೆ ಒಡಂಬಡಿಕೆಯ ನಿಯಮ, ಈಗ ಉಳಿದಿರುವುದು ಉದಾರತೆಯ ಕರೆ ಎನ್ನುತ್ತಾರೆ.

ಯೇಸು ಸ್ವಾಮಿ ದಶಮಾಂಶದ ಹೆಸರೆತ್ತುವ ಜಾಗಗಳು ಕಡಿಮೆ. ಮತ್ತಾಯ 23:23ರಲ್ಲಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರು ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ಕೊಟ್ಟು, ನ್ಯಾಯ, ದಯೆ, ನಂಬಿಗಸ್ತಿಕೆಯನ್ನು ಬಿಟ್ಟುಬಿಟ್ಟರು ಎಂದು ಗದರಿಸುತ್ತಾರೆ. ಇವನ್ನೂ ಮಾಡಬೇಕು, ಅವನ್ನೂ ಬಿಡಬಾರದು ಎನ್ನುತ್ತಾರೆ. ಮಾತು ಸ್ಪಷ್ಟವಾಗಿದೆ. ಆದರೆ ಅದನ್ನು ಹೇಳಿದ್ದು ಆಗ ಇನ್ನೂ ದೇವಾಲಯ, ಯಾಜಕರು, ಬಲಿಗಳ ವ್ಯವಸ್ಥೆಯೊಳಗೆ ಬದುಕುತ್ತಿದ್ದ ಜನರಿಗೆ. ಲೂಕ 18ರಲ್ಲಿ ಸಂಪಾದಿಸಿದ್ದರಲ್ಲೆಲ್ಲ ಹತ್ತನೇ ಪಾಲು ಕೊಡುತ್ತೇನೆ ಎಂದು ಪ್ರಾರ್ಥನೆಯಲ್ಲಿ ಹೇಳಿಕೊಂಡ ಫರಿಸಾಯನು ನೀತಿವಂತನೆನಿಸಿಕೊಳ್ಳದೆ ಮನೆಗೆ ಹೋದ.

ನನಗೆ ಜಾಸ್ತಿ ತೂಕದ್ದು ಅನಿಸುವುದು ಅಪೊಸ್ತಲರ ಕೃತ್ಯಗಳು 15. ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಏನೇನು ಹೊರಿಸಬೇಕು ಎಂದು ಯೆರೂಸಲೇಮಿನಲ್ಲಿ ಹಿರಿಯರು ಕೂತು ಚರ್ಚೆ ಮಾಡುತ್ತಾರೆ. ಕೊನೆಗೆ ನಾಲ್ಕೇ ವಿಷಯ ಬರೆದು ಕಳಿಸುತ್ತಾರೆ. ಅದರಲ್ಲಿ ದಶಮಾಂಶ ಇಲ್ಲ. ಯೆರೂಸಲೇಮಿನ ಮುಖಂಡರು ತನಗೆ ಕೊಟ್ಟ ಬುದ್ಧಿಮಾತನ್ನು ಗಲಾತ್ಯ 2:10ರಲ್ಲಿ ಅಪೊಸ್ತಲ ಪೌಲ ನೆನಪಿಸಿಕೊಳ್ಳುತ್ತಾನೆ: ಬಡವರನ್ನು ಮರೆಯಬೇಡಿ. ಕೊರಿಂಥದವರಿಗೆ ಕೊಡುವುದರ ಬಗ್ಗೆ ಎರಡು ಇಡೀ ಅಧ್ಯಾಯ ಬರೆದಾಗಲೂ (2 ಕೊರಿಂಥ 8 ಮತ್ತು 9) ಅವನು ಹತ್ತು ಎಂಬ ಸಂಖ್ಯೆಯನ್ನು ಎತ್ತುವುದೇ ಇಲ್ಲ. ಎತ್ತಿದ್ದರೆ ಅವನ ಕೆಲಸ ಸುಲಭವಾಗುತ್ತಿತ್ತು. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ, ಗೊಣಗುತ್ತಾ ಬೇಡ, ಬಲವಂತಕ್ಕೂ ಬೇಡ ಎನ್ನುತ್ತಾನೆ.

ಆದ್ದರಿಂದ ನನ್ನ ತಿಳುವಳಿಕೆ ಹೀಗೆ: ಹತ್ತು ಒಂದು ಒಳ್ಳೆಯ ಅಳತೆ, ಶುರು ಮಾಡುವವರಿಗೆ ಹಿಡಿದುಕೊಳ್ಳಲು ಅನುಕೂಲ. ಅದು ರಕ್ಷಣೆಯ ಶುಲ್ಕವೂ ಅಲ್ಲ, ಸದಸ್ಯತ್ವದ ಚಂದಾ ಕೂಡ ಅಲ್ಲ.

ದಶಮಾಂಶ ಕೊಡದಿದ್ದರೆ ಶಾಪ ತಟ್ಟುತ್ತದೆ ಅಂತಾರೆ. ಮಲಾಕಿಯಲ್ಲಿ ಹಾಗೆ ಬರೆದಿದೆಯಲ್ಲ?

ಬರೆದಿದೆ. ಮಲಾಕಿಯ 3ನೇ ಅಧ್ಯಾಯದಲ್ಲಿ ದೇವರು ನನ್ನನ್ನು ದೋಚಿದ್ದೀರಿ, ಶಾಪಕ್ಕೆ ಒಳಗಾಗಿದ್ದೀರಿ ಎನ್ನುತ್ತಾರೆ. ಪೂರ್ತಿ ದಶಮಾಂಶವನ್ನು ಬಂಡಾರಕ್ಕೆ ತನ್ನಿ, ಪರಲೋಕದ ಕಿಟಕಿಗಳನ್ನು ತೆರೆಯುತ್ತೇನೋ ಇಲ್ಲವೋ ನೋಡಿ ಎನ್ನುತ್ತಾರೆ. ಈ ನಾಲ್ಕೈದು ವಚನಗಳಷ್ಟು ಮನಬಂದಂತೆ ಬಳಕೆಯಾದ ಭಾಗ ಬೇರೆ ಇಲ್ಲವೇನೋ.

ಸಂದರ್ಭ ನೋಡಿ. ಬಂಡಾರ ಎಂದರೆ ಯೆರೂಸಲೇಮಿನ ದೇವಾಲಯದ ಉಗ್ರಾಣ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಇಡುತ್ತಿದ್ದ ಕೋಣೆಗಳು. ಲೇವಿಯರ ಊಟ ಅಲ್ಲಿಂದ ಬರಬೇಕಿತ್ತು. ಜನ ಕೊಡುವುದನ್ನು ನಿಲ್ಲಿಸಿದಾಗ ಏನಾಯಿತು ಎಂಬುದನ್ನು ನೆಹೆಮೀಯ 13 ಹೇಳುತ್ತದೆ: ಲೇವಿಯರೂ ಗಾಯಕರೂ ದೇವಾಲಯ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು. ಅಂದರೆ ಇದು ಹಸಿವಿನ ವಿಷಯ, ಮಾತು ತಪ್ಪಿದ ವಿಷಯ. ಮಲಾಕಿಯ ಅದೇ 3ನೇ ಅಧ್ಯಾಯದ 5ನೇ ವಚನದಲ್ಲಿ ಕೂಲಿಯವರ ಸಂಬಳದಲ್ಲಿ ಮೋಸ ಮಾಡುವವರು, ವಿಧವೆಯರನ್ನೂ ಅನಾಥರನ್ನೂ ಹಿಂಸಿಸುವವರು ಇವರಿಗೂ ದೇವರು ನ್ಯಾಯತೀರಿಸುವ ಎಚ್ಚರಿಕೆ ಕೊಡುತ್ತಾರೆ. ದೋಚಿದ್ದೀರಿ ಎನ್ನುವ ಎಂಟನೇ ವಚನ ಗಟ್ಟಿಯಾಗಿ ಓದುವವರು ಐದನೆಯದನ್ನೂ ಓದಬೇಕು, ಅಲ್ವಾ?

ಕ್ರಿಸ್ತನು ಧರ್ಮಶಾಸ್ತ್ರದ ಶಾಪದಿಂದ ನಮ್ಮನ್ನು ಬಿಡಿಸಿದನು ಎಂದು ಗಲಾತ್ಯ 3:13 ಹೇಳುತ್ತದೆ. ಬಾಡಿಗೆ ಕಟ್ಟಲು ಪರದಾಡುತ್ತಿರುವ ತಾಯಿಗೆ ನಿನ್ನ ಮಗುವಿನ ಕಾಯಿಲೆಗೆ ದಶಮಾಂಶದ ಬಾಕಿಯೇ ಕಾರಣ ಎಂದು ಹೇಳುವವರಿಗೆ ವಚನದ ಆಧಾರ ಇಲ್ಲ. ಅಂಥ ಮಾತು ಕೇಳಿದರೆ ಹೆದರಬೇಡಿ.

ಕೊಟ್ಟರೆ ದೇವರು ನೂರರಷ್ಟು ವಾಪಸ್ ಕೊಡುತ್ತಾರಾ?

ಹೇರಳವಾಗಿ ಬಿತ್ತುವವನು ಹೇರಳವಾಗಿ ಕೊಯ್ಯುತ್ತಾನೆ ಎಂದು ಪೌಲ ಬರೆದದ್ದು ನಿಜ. ಆದರೆ ಓದುತ್ತಾ ಮುಂದೆ ಹೋಗಿ. ದೇವರು ನಿಮ್ಮನ್ನು ಸಮೃದ್ಧಗೊಳಿಸುವುದು ಯಾಕೆ? ಇನ್ನಷ್ಟು ಒಳ್ಳೆಯ ಕೆಲಸ ಮಾಡಲಿ, ಇನ್ನಷ್ಟು ಉದಾರವಾಗಿ ಕೊಡಲಿ ಎಂದು. ದೊಡ್ಡ ಕಾರಿಗೆ ಅಲ್ಲ.

ಮಕೆದೋನ್ಯದ ಸಭೆಗಳು ಕಡು ಬಡತನದಲ್ಲಿ, ತಮ್ಮ ಶಕ್ತಿ ಮೀರಿ ಕೊಟ್ಟವು. ಆಮೇಲೆ ಅವರು ಶ್ರೀಮಂತರಾದರು ಎಂದು ಎಲ್ಲೂ ಬರೆದಿಲ್ಲ. ಪೌಲನಂತೂ ಹಸಿವು, ಚಳಿ, ಸೆರೆ ಎಲ್ಲವನ್ನೂ ಕಂಡ. ಕೊಡುವವರಿಗೆ ದೇವರು ಕೊರತೆ ಮಾಡುವುದಿಲ್ಲ ಎಂದು ನಂಬುವುದು ಬೇರೆ. ದೇವರಿಗೇ ಬಡ್ಡಿ ಹಾಕಿ ಸಾಲ ಕೊಡುವ ಲೆಕ್ಕದಲ್ಲಿ ಕೊಡುವುದು ಬೇರೆ. ಎರಡನೆಯದರಲ್ಲಿ ಹಣ ಹೋಗುತ್ತದೆ, ಮೇಲೆ ದೇವರ ಮೇಲೆ ಕೋಪವೂ ಬರುತ್ತದೆ.

ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಬೇಕಾ, ಕೈಗೆ ಬರುವ ಸಂಬಳದ ಮೇಲಾ?

ಇದಕ್ಕೆ ವಚನ ಇಲ್ಲ. ಪ್ರಥಮಫಲದಿಂದ ಕರ್ತನನ್ನು ಸನ್ಮಾನಿಸು ಎಂದು ಜ್ಞಾನೋಕ್ತಿ 3:9 ಹೇಳುವುದರಿಂದ ತೆರಿಗೆ ಕಳೆಯುವ ಮುಂಚಿನ ಮೊತ್ತವೇ ಸರಿ ಎನ್ನುವವರಿದ್ದಾರೆ. ನಮ್ಮ ಕೈಗೆ ಬಾರದ ಹಣ ನಮ್ಮ ಆದಾಯ ಹೇಗಾಗುತ್ತದೆ ಎನ್ನುವವರೂ ಇದ್ದಾರೆ. ಯಾವುದಾದರೂ ಒಂದನ್ನು ಪ್ರಾರ್ಥಿಸಿ ಆರಿಸಿಕೊಳ್ಳಿ, ಅದಕ್ಕೆ ಅಂಟಿಕೊಳ್ಳಿ. ತಿಂಗಳಿಗೊಮ್ಮೆ ಅನುಕೂಲ ನೋಡಿ ಲೆಕ್ಕ ಬದಲಾಯಿಸುವುದು ಬೇಡ.

ವ್ಯಾಪಾರ ಮಾಡುವವರು ಒಟ್ಟು ವಹಿವಾಟಿನ ಮೇಲೆ ಲೆಕ್ಕ ಹಾಕಬೇಕಿಲ್ಲ. ಸರಕಿನ ಹಣ, ಕೆಲಸಗಾರರ ಸಂಬಳ ಕಳೆದ ಮೇಲೆ ಉಳಿಯುವ ಲಾಭವೇ ನಿಮ್ಮ ಆದಾಯ. ಸಂಪಾದನೆ ಏರುಪೇರಾಗುವವರು ತಿಂಗಳಿಗಿಂತ ವರ್ಷದ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಸಾಲ ಇದೆ. ಮೊದಲು ಸಾಲ ತೀರಿಸಲಾ, ದಶಮಾಂಶ ಕೊಡಲಾ?

ಯಾವ ಸಾಲ ಎಂಬುದರ ಮೇಲೆ ನಿಂತಿದೆ. ಕಂತು ತಪ್ಪಿಸಿ, ಕೊಟ್ಟವರಿಗೆ ಮುಖ ತೋರಿಸದೆ ಓಡಾಡುತ್ತಿದ್ದರೆ ಆ ಹಣ ನಿಮ್ಮದಲ್ಲ, ಅವರದು. ಅದನ್ನು ಪೆಟ್ಟಿಗೆಗೆ ಹಾಕಿದರೆ ಬೇರೆಯವರ ಹಣವನ್ನು ದೇವರಿಗೆ ಕೊಟ್ಟ ಹಾಗಾಯಿತು. ದುಷ್ಟನು ಸಾಲ ಮಾಡಿ ತೀರಿಸುವುದಿಲ್ಲ ಎಂದು ಕೀರ್ತನೆ 37 ಹೇಳುತ್ತದೆ. ಮೊದಲು ಅದನ್ನು ತೀರಿಸಿ. ಆ ದಿನಗಳಲ್ಲೂ ಸಣ್ಣ ಮೊತ್ತವನ್ನಾದರೂ ಕೊಡುವ ರೂಢಿ ಬಿಡದಿದ್ದರೆ ಒಳ್ಳೆಯದು, ಇದು ನನ್ನ ಸಲಹೆ ಮಾತ್ರ.

ಮನೆ ಸಾಲದ ಹಾಗೆ ಇಪ್ಪತ್ತು ವರ್ಷ ಕಂತು ಕಟ್ಟುವ ಸಾಲವಾದರೆ ಕಥೆ ಬೇರೆ. ಅದು ತೀರಿದ ಮೇಲೆ ಕೊಡುತ್ತೇನೆ ಎನ್ನುವವರು ಆಗಲೂ ಕೊಡುವುದು ಅನುಮಾನ. ಕಾಣಿಕೆ ಕೊಡಲೆಂದೇ ಹೊಸ ಸಾಲ ಮಾಡುವುದಂತೂ ಬೇಡವೇ ಬೇಡ, ಯಾರು ಹುರಿದುಂಬಿಸಿದರೂ ಸರಿ.

ತುಂಬಾ ಬಡವರೂ ಕೊಡಬೇಕಾ? ಬಡ ವಿಧವೆ ಇದ್ದದ್ದನ್ನೆಲ್ಲ ಕೊಟ್ಟಳಲ್ಲ?

ಆ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿದ್ದು ಎರಡು ಚಿಕ್ಕ ಕಾಸು. ಆ ಕಾಲದ ನಾಣ್ಯಗಳಲ್ಲೇ ಅತಿ ಸಣ್ಣವು. ಯೇಸು ಸ್ವಾಮಿ ಅವಳನ್ನು ಮೆಚ್ಚಿಕೊಂಡರು ಎಂಬುದರಲ್ಲಿ ಅನುಮಾನ ಇಲ್ಲ. ಆದರೆ ಮಾರ್ಕ 12ರಲ್ಲಿ ಈ ಘಟನೆಗೆ ಮುಂಚಿನ ವಚನವನ್ನೂ ಓದಿ. ವಿಧವೆಯರ ಮನೆಗಳನ್ನು ನುಂಗಿ, ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆ ಅದು. ಅದರ ಬೆನ್ನಿಗೇ ಒಬ್ಬ ವಿಧವೆ ತನ್ನ ಜೀವನಕ್ಕಿದ್ದದ್ದನ್ನೆಲ್ಲ ಹಾಕುತ್ತಾಳೆ. ಎರಡನ್ನೂ ಸೇರಿಸಿ ಓದಿದರೆ ಅವಳ ಭಕ್ತಿಯ ಜೊತೆಗೆ ಅವಳನ್ನು ನೋಡಿಕೊಳ್ಳಬೇಕಿದ್ದವರ ಮೇಲಿನ ತೀರ್ಪೂ ಕಾಣುತ್ತದೆ.

ಬಡವರು ಕೊಡಬಾರದು ಎಂದು ಹೇಳುವುದೂ ಅವಮಾನವೇ. ಕೊಡುವ ಸಂತೋಷ ಅವರಿಗೂ ಸೇರಿದ್ದು. ಆದರೆ ಅವರ ಮೇಲೆ ಪರ್ಸೆಂಟ್ ಹೇರುವುದು ಬೇಡ. ಇಲ್ಲದ್ದರ ಪ್ರಕಾರ ಅಲ್ಲ, ಇದ್ದದ್ದರ ಪ್ರಕಾರ ಎಂದು 2 ಕೊರಿಂಥ 8:12 ಹೇಳುತ್ತದೆ. ಸಭೆಯೇ ಅವರಿಗೆ ಕೊಡಬೇಕಾದ ಪರಿಸ್ಥಿತಿ ಇದ್ದರೆ, ತೆಗೆದುಕೊಳ್ಳಲು ಅವರು ನಾಚಿಕೊಳ್ಳಬೇಕಿಲ್ಲ.

ಹತ್ತು ಕೊಟ್ಟಾಯಿತು. ಉಳಿದ ತೊಂಬತ್ತು ನನ್ನದು ತಾನೇ?

ಈ ಪ್ರಶ್ನೆಯಲ್ಲೇ ವಿಷಯದ ತಿರುಳು ಇದೆ. ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು ಎಂದು ಕೀರ್ತನೆ 24 ಶುರುವಾಗುತ್ತದೆ. ದೇವಾಲಯಕ್ಕೆ ರಾಶಿ ರಾಶಿ ಬಂಗಾರ ಕೊಟ್ಟ ಮೇಲೆ ದಾವೀದನು ಮಾಡಿದ ಪ್ರಾರ್ಥನೆ 1 ಪೂರ್ವಕಾಲವೃತ್ತಾಂತ 29ರಲ್ಲಿದೆ: ನಿನ್ನ ಕೈಯಿಂದಲೇ ಪಡೆದದ್ದನ್ನು ನಿನಗೆ ಕೊಟ್ಟಿದ್ದೇವೆ. ಹಾಗಾದರೆ ನಾವು ಯಜಮಾನರಲ್ಲ, ಯಜಮಾನನ ಆಸ್ತಿ ನೋಡಿಕೊಳ್ಳುವವರು. ಲೂಕ 16ರಲ್ಲಿ ಯಜಮಾನನು ಅಂಥವನನ್ನು ಕರೆದು ಲೆಕ್ಕ ಒಪ್ಪಿಸು ಎನ್ನುತ್ತಾನಲ್ಲ, ಆ ಲೆಕ್ಕ ನೂರಕ್ಕೆ ನೂರರದ್ದು.

ಅಂದ ಮಾತ್ರಕ್ಕೆ ಊಟ, ಬಟ್ಟೆ, ಮಕ್ಕಳ ಓದು, ಒಂದಿಷ್ಟು ಸಂತೋಷಕ್ಕೆ ಖರ್ಚು ಮಾಡುವುದು ಪಾಪ ಅಲ್ಲ. ದೇವರು ನಮ್ಮ ಅನುಭೋಗಕ್ಕಾಗಿಯೇ ಎಲ್ಲವನ್ನೂ ಧಾರಾಳವಾಗಿ ಕೊಡುತ್ತಾರೆ ಎಂದು 1 ತಿಮೊಥೆ 6:17 ಹೇಳುತ್ತದೆ. ಕೇಳಿಕೊಳ್ಳಬೇಕಾದದ್ದು ಬೇರೆ: ತೊಂಬತ್ತು ಹೇಗೆ ಬಂತು, ಎಲ್ಲಿ ಹೋಯಿತು? ಕೆಲಸದವರಿಗೆ ಸರಿಯಾದ ಸಂಬಳ ಕೊಟ್ಟೆನಾ? ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬ 5:4ರಲ್ಲಿದೆ. ಹತ್ತನ್ನು ಕರಾರುವಾಕ್ಕಾಗಿ ಕೊಟ್ಟು ಉಳಿದದ್ದರಲ್ಲಿ ಮನಸ್ಸಿಗೆ ಬಂದಂತೆ ನಡೆಯುವವರಿಗಿಂತ, ಆರು ಕೊಟ್ಟು ಇಡೀ ನೂರನ್ನೂ ಎಚ್ಚರದಿಂದ ಬಳಸುವವರು ಮೇಲು ಎಂದು ನನಗನಿಸುತ್ತದೆ.

ಆದಾಯ ಹೆಚ್ಚಿದವರಿಗೆ ಹತ್ತು ತೀರಾ ಸಲೀಸು ಕೂಡ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಯೇಸು ಸ್ವಾಮಿಯ ಮುಂದೆ ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆಂದ. 18ನೇ ಶತಮಾನದ ಬೋಧಕ ಜಾನ್ ವೆಸ್ಲಿ ತಮ್ಮ ವೃದ್ಧಾಪ್ಯದಲ್ಲಿ ಆಕ್ಸ್‌ಫರ್ಡಿನ ಯುವಕನೊಬ್ಬನ ಲೆಕ್ಕ ಹೇಳಿದ್ದರು. ಆ ಯುವಕ ಅವರೇ ಎಂದು ಸಾಮಾನ್ಯವಾಗಿ ನಂಬಲಾಗಿದೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಪೌಂಡ್ ಕೊಟ್ಟ. ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಸಂಬಳ ಏರಿದ ಹಾಗೆ ಖರ್ಚು ಏರಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ನಾನು ನೋಡಿಲ್ಲ.

ಎಲ್ಲವನ್ನೂ ನನ್ನ ಸಭೆಗೇ ಕೊಡಬೇಕಾ? ಬಡವರಿಗೆ, ಬೇರೆ ಸೇವೆಗಳಿಗೆ ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲವಾ?

ಬರುತ್ತದೆ. ಮೊದಲ ಶತಮಾನದ ಸಭೆಗಳು ತಮ್ಮ ಊರಿನ ಆಚೆಗೂ ಕೊಟ್ಟವು. ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಬರ ಬಂದಾಗ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಯೂದಾಯದ ಸಹೋದರರಿಗೆ ಸಹಾಯ ಕಳಿಸಿದರು. ಹೊತ್ತುಕೊಂಡು ಹೋದವರು ಬಾರ್ನಬ ಮತ್ತು ಸೌಲ (ಅಂದರೆ ಪೌಲ).

ಆದರೂ ನೀವು ವಾರವಾರ ಹೋಗುವ ಸಭೆಯ ಮೇಲೆ ನಿಮಗೆ ಮೊದಲ ಜವಾಬ್ದಾರಿ ಇದೆ ಎಂದು ನಾನು ಅಂದುಕೊಳ್ಳುತ್ತೇನೆ. ಅಲ್ಲಿಯ ದೀಪ, ಕುರ್ಚಿ, ಬೋಧನೆ ಎಲ್ಲದರ ಪ್ರಯೋಜನ ಪಡೆದು ಖರ್ಚನ್ನು ಪಕ್ಕದಲ್ಲಿ ಕೂತವರಿಗೆ ಬಿಡುವುದು ಸರಿಯಲ್ಲ. ದೊಡ್ಡ ಪಾಲು ಸಭೆಗೆ, ಉಳಿದದ್ದು ಬೇರೆ ಅಗತ್ಯಗಳಿಗೆ, ಹೀಗೆ ಹಂಚುವವರು ಬಹಳ ಜನ. ಬಂಡಾರ ಎಂದರೆ ನಮ್ಮ ಸಭೆಯೇ, ಬೇರೆ ಕಡೆ ಒಂದು ಕಾಸೂ ಹೋಗಬಾರದು ಎಂಬ ಬೋಧನೆಗೆ ಹೊಸ ಒಡಂಬಡಿಕೆಯಲ್ಲಿ ಆಧಾರ ಕಾಣುವುದಿಲ್ಲ.

ಕಾಣಿಕೆಯ ಲೆಕ್ಕ ಕೇಳಿದರೆ ಪಾಸ್ಟರ್ ಬೇಸರ ಮಾಡಿಕೊಳ್ಳುತ್ತಾರೆ. ಕೇಳುವುದು ತಪ್ಪಾ?

ತಪ್ಪಲ್ಲ. ಪೌಲನಷ್ಟು ದೊಡ್ಡ ಅಪೊಸ್ತಲನೇ ಒಬ್ಬನೇ ಹಣ ಮುಟ್ಟಲಿಲ್ಲ. ಯೆರೂಸಲೇಮಿಗೆ ಕಾಣಿಕೆ ಒಯ್ಯಲು ನೀವೇ ಒಪ್ಪಿದವರನ್ನು ಕಳಿಸುತ್ತೇನೆ ಎಂದು 1 ಕೊರಿಂಥ 16:3ರಲ್ಲಿ ಬರೆಯುತ್ತಾನೆ. ಸಭೆಗಳು ಆರಿಸಿದ ಇನ್ನೊಬ್ಬ ಸಹೋದರನನ್ನು ತನ್ನ ಜೊತೆಗಾರ ತೀತನ ಜೊತೆ ಕಳಿಸುವುದು ಯಾಕೆ ಎಂಬುದನ್ನು 2 ಕೊರಿಂಥ 8ರಲ್ಲಿ ವಿವರಿಸುತ್ತಾನೆ: ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು. ಇದನ್ನು ಓದಿದ ಮೇಲೂ ದೇವರಿಗೆ ಕೊಟ್ಟ ಮೇಲೆ ಕೇಳಬಾರದು ಎಂಬ ಮಾತಿಗೆ ಬೆಲೆ ಕೊಡಬೇಕಾ?

ವಿನಯದಿಂದ ಕೇಳಿ. ಇಬ್ಬರಾದರೂ ಸೇರಿ ಎಣಿಸುತ್ತಾರಾ? ಹಣ ಸಭೆಯ ಹೆಸರಿನ ಖಾತೆಗೆ ಹೋಗುತ್ತದಾ, ವ್ಯಕ್ತಿಯ ಖಾತೆಗಾ? ವರ್ಷಕ್ಕೊಮ್ಮೆ ಹೊರಗಿನವರಿಂದ ಲೆಕ್ಕಪರಿಶೋಧನೆ ಆಗುತ್ತದಾ? ಪಾಸ್ಟರ್ ಸಂಬಳವನ್ನು ನಿಗದಿ ಮಾಡುವವರು ಯಾರು? ಮತ್ತೆ ಮತ್ತೆ ಕೇಳಿದರೂ ಉತ್ತರ ಸಿಗದಿದ್ದರೆ ಕೊಡುವುದನ್ನು ನಿಲ್ಲಿಸಬೇಕಿಲ್ಲ, ಲೆಕ್ಕ ಇಡುವ ಕಡೆಗೆ ತಿರುಗಿಸಬಹುದು.

ಪಾಸ್ಟರ್‌ಗೆ ಸಂಬಳ ಯಾಕೆ? ಪೌಲ ಗುಡಾರ ಹೊಲಿದು ಬದುಕಲಿಲ್ಲವಾ?

ಹೊಲಿದು ಬದುಕಿದ. ಆದರೆ ಅದೇ ಪೌಲ ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವನ ಮಾಡಬೇಕೆಂಬುದು ಕರ್ತನ ನೇಮಕ ಎಂದೂ ಬರೆದ (1 ಕೊರಿಂಥ 9:14). ತನಗಿದ್ದ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟ. ಬೇರೆಯವರ ಹಕ್ಕನ್ನು ನಾವು ಬಿಟ್ಟುಕೊಡಿಸುವುದು ಬೇರೆ ವಿಷಯ. ಸಭೆಯ ಕೆಲಸ ಪೂರ್ತಿ ಮಾಡಿಸಿಕೊಂಡು ಪಾಸ್ಟರ್ ಮನೆಯವರನ್ನು ಕಷ್ಟದಲ್ಲಿ ಇಡುವ ಸಭೆಗಳೂ ಕಡಿಮೆ ಏನಿಲ್ಲ. ಅವರ ಬಗ್ಗೆ ಯಾರೂ ದೊಡ್ಡದಾಗಿ ಮಾತಾಡುವುದಿಲ್ಲ ಅಷ್ಟೇ.

ವಯಸ್ಸಾದ ಅಪ್ಪ ಅಮ್ಮನ ಖರ್ಚು ನೋಡಿಕೊಂಡರೆ ಅದನ್ನು ದಶಮಾಂಶ ಅಂತ ಎಣಿಸಬಹುದಾ?

ಅದು ನಿಮ್ಮ ಕರ್ತವ್ಯ, ಕಾಣಿಕೆಯ ಪಟ್ಟಿಗೆ ಸೇರಿಸುವುದು ಅಷ್ಟು ಚೆಂದವಲ್ಲ. ಆದರೆ ಕಾಣಿಕೆಯ ನೆಪದಲ್ಲಿ ಅವರನ್ನು ಕೈಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ದೇವರಿಗೆ ಮೀಸಲು ಎಂದು ಹೇಳಿ ತಂದೆತಾಯಿಗೆ ಸಹಾಯ ಮಾಡದವರನ್ನು ಯೇಸು ಸ್ವಾಮಿ ಮಾರ್ಕ 7ರಲ್ಲಿ ನೇರವಾಗಿ ಖಂಡಿಸುತ್ತಾರೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು 1 ತಿಮೊಥೆ 5:8 ಹೇಳುತ್ತದೆ. ಎರಡಕ್ಕೂ ಹಣ ಸಾಲದಿದ್ದರೆ ಅವರ ಔಷಧಿ ಮೊದಲು.

ಗಂಡ ವಿಶ್ವಾಸಿಯಲ್ಲ, ಕೊಡಲು ಒಪ್ಪುವುದಿಲ್ಲ. ಅವರಿಗೆ ಗೊತ್ತಾಗದ ಹಾಗೆ ಕೊಡಲಾ?

ಬೇಡ. ಮನೆಯ ಖರ್ಚಿನ ಹಣದಲ್ಲಿ ಕದ್ದುಮುಚ್ಚಿ ಕೊಟ್ಟರೆ ಗೊತ್ತಾದ ದಿನ ಹಣದ ಜೊತೆ ನಂಬಿಕೆಯೂ ಹೋಗುತ್ತದೆ. ಬಾಯಿಬಿಟ್ಟು ಮಾತಾಡಿ, ಇಬ್ಬರೂ ಒಪ್ಪುವ ಮೊತ್ತ ಎಷ್ಟೇ ಚಿಕ್ಕದಿರಲಿ ಅಷ್ಟೇ ಕೊಡಿ. ನಿಮ್ಮ ಸ್ವಂತ ಸಂಪಾದನೆ ಇದ್ದರೂ ತಿಳಿಸಿ ಕೊಡುವುದೇ ಒಳ್ಳೆಯದು. ಹೆಂಡತಿ ಒಪ್ಪದ ಗಂಡನಿಗೂ ಇದೇ ಉತ್ತರ.

ಹಣದ ಬದಲು ಸಮಯ ಕೊಡುತ್ತೇನೆ, ಸಾಲದಾ?

ಹಣವೇ ಇಲ್ಲದಿದ್ದರೆ ಸಾಕು. ಇದ್ದೂ ಹೀಗೆ ಕೇಳುತ್ತಿದ್ದರೆ ಉತ್ತರ ನಿಮಗೇ ಗೊತ್ತಿದೆ.

ಕೊಟ್ಟದ್ದನ್ನು ಗುಟ್ಟಾಗಿ ಇಡಬೇಕಾ? ಹೆಸರು ಓದುವುದು, ಫಲಕ ಹಾಕಿಸುವುದು ಸರಿಯಾ?

ಎಡಗೈಗೆ ಗೊತ್ತಾಗದ ಹಾಗೆ ಬಲಗೈ ಕೊಡಲಿ ಎಂಬ ಮತ್ತಾಯ 6ರ ಮಾತು ಎಲ್ಲರಿಗೂ ಬಾಯಿಪಾಠ. ರಸೀದಿ ಬರೆಸಿಕೊಳ್ಳುವುದು, ಸಭೆಯ ಪುಸ್ತಕದಲ್ಲಿ ಹೆಸರು ಇರುವುದು ಇದಕ್ಕೆ ವಿರುದ್ಧ ಅಲ್ಲ, ಅದು ಲೆಕ್ಕದ ಶಿಸ್ತು. ಯಾರು ಎಷ್ಟು ಕೊಟ್ಟರು ಎಂದು ಎಲ್ಲರ ಮುಂದೆ ಓದುವುದು ಮಾತ್ರ ಕೊಡದವರನ್ನು ನಾಚಿಸುವ ಉಪಾಯ. ನಾಚಿಕೆಯಿಂದ ಬಂದ ಹಣಕ್ಕೂ ಬಲವಂತದ ಹಣಕ್ಕೂ ಜಾಸ್ತಿ ದೂರ ಇಲ್ಲ.

ಹೊಗಳಿಕೆಯ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ, ಹೊಲ ಮಾರಿದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟು ಎಲ್ಲವನ್ನೂ ಕೊಟ್ಟ ಹಾಗೆ ತೋರಿಸಿಕೊಂಡ ದಂಪತಿ ಅನನೀಯ ಮತ್ತು ಸಫೈರಳ ಕಥೆ ಇದೆ. ಅವರು ಕಡಿಮೆ ಕೊಟ್ಟದ್ದಕ್ಕೆ ಶಿಕ್ಷೆ ಅನುಭವಿಸಿದರು ಎಂದು ಕೆಲವರು ಹೇಳುತ್ತಾರೆ. ಪೇತ್ರನ ಮಾತು ಹಾಗಿಲ್ಲ. ಹೊಲ ಮಾರುವ ಮುಂಚೆ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು, ಸುಳ್ಳು ಯಾಕೆ ಹೇಳಿದೆ ಎಂಬುದು ಅವನ ಪ್ರಶ್ನೆ.

ಉಳಿತಾಯ, ವಿಮೆ ಮಾಡಿಸುವುದು ನಂಬಿಕೆಯ ಕೊರತೆಯಾ?

ಅಲ್ಲ. ಯೋಸೇಫನು ಏಳು ವರ್ಷದ ಸುಗ್ಗಿಯಲ್ಲಿ ಐದನೇ ಒಂದು ಪಾಲು ಕೂಡಿಟ್ಟದ್ದರಿಂದಲೇ ಬರಗಾಲದಲ್ಲಿ ಜನ ಬದುಕಿದರು. ಲೂಕ 12ರ ಐಶ್ವರ್ಯವಂತನು ಬುದ್ಧಿಹೀನ ಅನಿಸಿಕೊಂಡದ್ದು ಕಣಜ ಕಟ್ಟಲು ಹೊರಟದ್ದಕ್ಕಲ್ಲ, ಆ ಕಣಜದಲ್ಲಿ ತನ್ನೊಬ್ಬನಿಗೆ ಬಿಟ್ಟು ಬೇರೆ ಯಾರಿಗೂ ಜಾಗ ಇಡದಿದ್ದಕ್ಕೆ. ಎಷ್ಟು ಕೂಡಿಟ್ಟರೆ ಸಾಕು ಎಂದು ಮೊದಲೇ ಒಂದು ಗೆರೆ ಎಳೆದುಕೊಳ್ಳಿ. ಗೆರೆ ಇಲ್ಲದಿದ್ದರೆ ಸಾಕು ಎನ್ನುವ ದಿನ ಬರುವುದೇ ಇಲ್ಲ.

ಆದಿಸಭೆಯಲ್ಲಿ ಕಡ್ಡಾಯ ಇರಲಿಲ್ಲ ಅಂದರೆ, ಕಡ್ಡಾಯ ಬಂದದ್ದು ಯಾವಾಗ?

ನಿಧಾನವಾಗಿ ಬಂತು. ಸುಮಾರು 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಬರಹಗಾರ ಭಾನುವಾರದ ಆರಾಧನೆಯನ್ನು ವಿವರಿಸುತ್ತಾ, ಅನುಕೂಲವೂ ಮನಸ್ಸೂ ಇರುವವರು ತಮಗೆ ತೋಚಿದಷ್ಟು ಕೊಡುತ್ತಾರೆ ಎನ್ನುತ್ತಾನೆ. ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದವರಿಗೆ ಸಹಾಯ ಆಗುತ್ತಿತ್ತು. ಅದಾದ ಸುಮಾರು ನಲವತ್ತು ವರ್ಷಕ್ಕೆ ಉತ್ತರ ಆಫ್ರಿಕಾದ ತೆರ್ತುಲಿಯನ್ ಕೂಡ ತಿಂಗಳಿಗೊಮ್ಮೆ, ಬಲವಂತ ಇಲ್ಲದೆ ಎಂದೇ ಬರೆದ.

585ರಲ್ಲಿ ಈಗಿನ ಫ್ರಾನ್ಸಿನ ಮಾಕೋನ್‌ನಲ್ಲಿ ಸೇರಿದ ಬಿಷಪ್ಪರ ಸಭೆ ದಶಮಾಂಶ ಕೊಡದವರನ್ನು ಬಹಿಷ್ಕರಿಸಬೇಕೆಂದಿತು. 779ರಲ್ಲಿ ಷಾರ್ಲಮೇನ್ ದೊರೆ ಅದನ್ನು ರಾಜ್ಯದ ಕಾನೂನೇ ಮಾಡಿದ. ಆಮೇಲೆ ಯುರೋಪಿನಲ್ಲಿ ಶತಮಾನಗಳ ಕಾಲ ಅದು ರೈತರ ಮೇಲಿನ ತೆರಿಗೆಯಾಗಿ ಉಳಿಯಿತು, ಜನ ಅದನ್ನು ದ್ವೇಷಿಸಿದರು. 1789ರ ಕ್ರಾಂತಿಯಲ್ಲಿ ಫ್ರಾನ್ಸ್ ರದ್ದು ಮಾಡಿತು. ಇಂಗ್ಲೆಂಡ್ 1836ರ ಕಾಯ್ದೆಯಲ್ಲಿ ಧಾನ್ಯದ ಪಾಲನ್ನು ಹಣದ ರೂಪಕ್ಕೆ ಬದಲಾಯಿಸಿತು. ಜರ್ಮನಿಯಲ್ಲಿ ಇವತ್ತಿಗೂ ಸಭೆಯ ತೆರಿಗೆ ಇದೆ: ಕಟ್ಟುವ ಆದಾಯ ತೆರಿಗೆಯ ಮೇಲೆ 8 ಅಥವಾ 9 ಪರ್ಸೆಂಟ್. ಕಾನೂನಿನಿಂದ ಹಣ ಬಂತು, ಕೊಡುವ ಮನಸ್ಸು ಬಂತಾ ಎಂಬುದು ಬೇರೆ ಪ್ರಶ್ನೆ.

ಮೋಸದಿಂದ, ಲಂಚದಿಂದ ಬಂದ ಹಣದಲ್ಲೂ ದಶಮಾಂಶ ಕೊಡಬಹುದಾ?

ಅದರಲ್ಲಿ ಹತ್ತನೇ ಪಾಲು ಅಲ್ಲ, ಇಡೀ ಮೊತ್ತವನ್ನು ಕಳೆದುಕೊಂಡವರಿಗೆ ಹಿಂದಿರುಗಿಸಬೇಕು. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ.

ಇದುವರೆಗೆ ಕೊಟ್ಟಿಲ್ಲ. ಹೇಗೆ ಶುರು ಮಾಡಲಿ?

ಮೊದಲು ಒಂದೆರಡು ತಿಂಗಳು ಖರ್ಚು ಬರೆದಿಡಿ. ಹಣ ಎಲ್ಲಿ ಹೋಗುತ್ತಿದೆ ಎಂಬುದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆಮೇಲೆ ಕೈಗೆಟುಕುವ ಒಂದು ಪಾಲು ನಿಗದಿ ಮಾಡಿ, ಎರಡೋ ಮೂರೋ ಪರ್ಸೆಂಟ್ ಆದರೂ ಸರಿ. ಸಂಬಳ ಬಂದ ದಿನವೇ ತೆಗೆದಿಡಿ. ಪೌಲ ಕೊರಿಂಥದವರಿಗೆ ವಾರದ ಮೊದಲ ದಿನ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಎಂದದ್ದು ಇದಕ್ಕೇ. ತಿಂಗಳ ಕೊನೆಯಲ್ಲಿ ಉಳಿದದ್ದು ಕೊಡುತ್ತೇನೆ ಎಂದರೆ ಏನೂ ಉಳಿಯುವುದಿಲ್ಲ. ಸಂಬಳ ಏರಿದಾಗ ಪಾಲನ್ನೂ ಸ್ವಲ್ಪ ಏರಿಸಿ. ಇದಲ್ಲದೆ ಯಾರಿಗಾದರೂ ಅಚಾನಕ್ ಕಷ್ಟ ಬಂದಾಗ ಕೊಡಲು ಒಂದು ಸಣ್ಣ ಮೊತ್ತ ಬೇರೆ ಇಟ್ಟುಕೊಂಡರೆ, ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪ್ರಸಂಗ ಬರುವುದಿಲ್ಲ.

ಕೆಲಸ ಹೋಗಿ ಕೆಲವು ತಿಂಗಳು ಕೊಡಲಾಗಲಿಲ್ಲ. ಈಗ ಆ ಬಾಕಿಯನ್ನೆಲ್ಲ ಸೇರಿಸಿ ಕೊಡಬೇಕಾ?

ಬೇಡ. ಆದಾಯವೇ ಇಲ್ಲದ ತಿಂಗಳಿಗೆ ಹತ್ತನೇ ಪಾಲು ಎಂಬುದೇ ಇಲ್ಲ, ಹಾಗಾಗಿ ಬಾಕಿಯೂ ಇಲ್ಲ. ಹೊಸ ಕೆಲಸದ ಮೊದಲ ಸಂಬಳದಿಂದ ಮತ್ತೆ ಶುರು ಮಾಡಿ. ಆ ದಿನಗಳಲ್ಲಿ ಮನೆ ನಡೆಸಲು ಯಾರಿಂದಲಾದರೂ ಕೈಸಾಲ ಪಡೆದಿದ್ದರೆ ಮೊದಲು ಅದನ್ನು ತೀರಿಸಿ.